ಸೆವ್ರಿನ್ ಟೀಚರ್ ತಾರದ ಮೊಳೆ

ಸೆವ್ರಿನ್ ಟೀಚರ್ ಬೈಯುವ ಮೊದಲು ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಿದ್ದರು. ಮುಂಬಯಿಯ ಕುರ್ಲಾದ ನಮ್ಮ ಕನ್ನಡ ಶಾಲೆಯಲ್ಲಿ ಆ ಸದ್ದು ಕೇಳಿದರೆ ಇಡೀ ಏಳನೇ ಕ್ಲಾಸು ತೆಪ್ಪಗಾಗುತ್ತಿತ್ತು. ಯಾಕೆ ಹಾಗೆ ಎಂದು ದೊಡ್ಡವನಾದ ಮೇಲೆ ಧೈರ್ಯ ಮಾಡಿ ಕೇಳಿದ್ದೆ. "ಮುಖ ಕಂಡ್ರೆ ದಾಕ್ಷಿಣ್ಯ ಬರ್ತದೆ ಮಾರಾಯ. ಕಾಣದಿದ್ರೆ ಸರಿಯಾಗಿ ಬೈಲಿಕ್ಕೆ ಆಗ್ತದೆ," ಎಂದಿದ್ದರು.

ಟೀಚರ್ ಮಂಗಳೂರಿನ ಕೊಂಕಣಿ ಕ್ರೈಸ್ತರು, ಮದುವೆಯಾಗದ ಹೆಂಗಸು. ಹೊಟೇಲಿನಲ್ಲಿ ದುಡಿಯುವವರ, ಗೋಡೆ ಕಟ್ಟುವವರ ಮಕ್ಕಳಾದ ನಮಗೆ ಇತಿಹಾಸ ಕಲಿಸುತ್ತಿದ್ದರು. ರಾಜರ ಹೆಸರು ಉರು ಹೊಡೆದವರಿಗೆ ಮಾರ್ಕ್ಸ್ ಸಿಗುತ್ತಿರಲಿಲ್ಲ. ಯಾವ ವಸ್ತುವಿನ ಮಾತು ಬಂದರೂ ಅವರದು ಒಂದೇ ವರಸೆ: "ಎಲ್ಲಿ ಸಿಕ್ಕಿತು? ಯಾರು ತೆಗೆದದ್ದು? ಪಕ್ಕದಲ್ಲಿ ಎಂತ ಇತ್ತು?" ಒಮ್ಮೆ ಚಾಳಿನ ಮೋರಿ ಅಗೆದಾಗ ಸಿಕ್ಕ ತಾಮ್ರದ ಬಿಲ್ಲೆಯೊಂದನ್ನು ನಾನು ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿ ತಂದು ತೋರಿಸಿದೆ. ಶಾಭಾಸ್‌ಗಿರಿ ಸಿಗುತ್ತದೆಂದುಕೊಂಡಿದ್ದೆ. ಕನ್ನಡಕ ಮೇಜಿಗೆ ಹೋಯಿತು. "ಅದರ ಮೇಲಿದ್ದ ಮಣ್ಣೇ ಸಾಕ್ಷಿ. ಸಾಕ್ಷಿಯನ್ನೇ ಹುಳಿ ಹಾಕಿ ತೊಳೆದು ಬಂದ್ಯಲ್ಲ, ಮಂಗ!"

ರಿಟೈರಾದ ವರ್ಷ ಟೀಚರ್ ಯೇಸು ಸ್ವಾಮಿ ಬೆಳೆದ ನಾಡು ಗಲಿಲಾಯಕ್ಕೆ ಹೋದರು. ಎಲ್ಲರ ಹಾಗೆ ಬಸ್ಸಿನಲ್ಲಿ ಇಗರ್ಜಿ ಸುತ್ತುವ ಯಾತ್ರೆಗಲ್ಲ. ಅಲ್ಲಿ ಉತ್ಖನನ ಮಾಡುವವರ ಜೊತೆ ಸ್ವಯಂಸೇವಕಿಯಾಗಿ ಸೇರಿ, ಒಂದು ತಿಂಗಳು ಬಕೆಟಿನ ಮುಂದೆ ಕೂತು ಮಡಕೆ ಚೂರುಗಳನ್ನು ಬ್ರಶ್ಶಿನಲ್ಲಿ ತೊಳೆದರು. ಬೊರಿವಲಿಯ ಮನೆಗೆ ವಾಪಸ್ಸಾದಾಗ ಕಾಲೋನಿಯ ಜನ ಮುತ್ತಿಕೊಂಡರು. ಜೋರ್ದಾನ್ ನದಿಯ ನೀರು ತಂದ್ರಾ, ಮಣ್ಣು ತಂದ್ರಾ ಎಂದು ಒಂದೇ ಸಮ ಕೇಳಿದರು.

"ಎಂತದ್ದೂ ತರ್ಲಿಲ್ಲ. ಅಲ್ಲಿಯ ಒಂದು ಚೂರು ತಂದ್ರೂ ಅದು ಕಳ್ಳತನ."

"ಮತ್ತೆ ನೋಡಿದ್ದಾದ್ರೂ ಎಂತ ಟೀಚರ್?"

"ಒಲೆ ನೋಡಿದೆ. ಸಣ್ಣ ಸಣ್ಣ ಕಲ್ಲಿನ ಮನೆ, ಮೀನಿನ ಮುಳ್ಳು, ಬಲೆಗೆ ಕಟ್ಟುವ ಗುಂಡು. ಯೇಸು ಸ್ವಾಮಿಯ ಗುರುತು ಒಂದೂ ಇಲ್ಲ. ಅವರ ನೆರೆಕರೆಯವರದ್ದು ಬೇಕಾದಷ್ಟು ಉಂಟು."

ಜನರಿಗೆ ಇದು ರುಚಿಸಲಿಲ್ಲ. ನನಗೆ ಮಾತ್ರ ಬಿಡಿಸಿ ಹೇಳಿದರು. ಮೊದಲು ನಂಬಿದವರಿಗೆ ಇಗರ್ಜಿಯೂ ಇರಲಿಲ್ಲ, ಗಂಟೆಯೂ ಇರಲಿಲ್ಲ. ಯಾರದೋ ಮನೆಯಲ್ಲಿ ಸೇರಿ ಪ್ರಾರ್ಥಿಸಿ ಉಣ್ಣುತ್ತಿದ್ದರು, ಅಗೆದರೆ ಸಿಗುವುದು ಬರೀ ಮನೆ. "ಸ್ವಾಮಿಗೆ ಮರಣದಂಡನೆ ಕೊಟ್ಟ ಅಧಿಕಾರಿಯ ಹೆಸರಿನ ಕಲ್ಲು ಸಿಕ್ಕಿದೆ. ಸ್ವಾಮಿಯದ್ದು ಇಲ್ಲ. ಬಡವನ ಹೆಸರು ಯಾರು ಕೆತ್ತಿಸ್ತಾರೆ ಹೇಳು?" ಅಷ್ಟು ಹೇಳಿ ಹಣೆಗೆ ಶಿಲುಬೆಯ ಗುರುತು ಹಾಕಿಕೊಂಡರು. ಅವರಷ್ಟು ಭಕ್ತಿ ಇದ್ದವರನ್ನು ನಾನು ನೋಡಿಲ್ಲ.

ಆಮೇಲೆ ಬಂತು ಆ ಮೊಳೆ. ಯಾತ್ರೆಯ ಟ್ರಾವೆಲ್ಸ್ ನಡೆಸುವ ಫೆಲಿಕ್ಸ್ ಎಂಬ ಮಹಾಶಯ ಅಲ್ಲಿಯ ಅಂಗಡಿಯೊಂದರಿಂದ ಕೊಂಡು ತಂದು, ಸ್ವಾಮಿಯ ಶಿಲುಬೆಯದ್ದೆಂದು ಹೇಳಿ ಕಾಲೋನಿಯ ಚಾಪೆಲಿಗೆ ದಾನ ಕೊಟ್ಟ. ತುಕ್ಕು ಕೆರೆದು, ಎಣ್ಣೆ ಹಚ್ಚಿ, ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಪೂಜೆ ಮುಗಿದ ಮೇಲೆ ಎಲ್ಲರೆದುರು ಟೀಚರ್ ತಮ್ಮ ಮೂರು ಪ್ರಶ್ನೆ ಕೇಳಿದರು.

"ಸರ್ಟಿಫಿಕೇಟ್ ಉಂಟು ಟೀಚರ್," ಎಂದ ಫೆಲಿಕ್ಸ್.

ಟೀಚರ್ ಕನ್ನಡಕ ತೆಗೆದರು. "ಶಿಲುಬೆಗೆ ಹಾಕಿದ ಬೇರೆ ಒಬ್ಬನ ಹಿಮ್ಮಡಿ ಮೂಳೆ ಜೆರುಸಲೇಮಿನಲ್ಲಿ ಸಿಕ್ಕಿದೆ, ಮೊಳೆ ಸಮೇತ. ಸಮಾಧಿ ಯಾವುದು ಗೊತ್ತುಂಟು, ಮೂಳೆಯ ಪೆಟ್ಟಿಗೆಯ ಮೇಲೆ ಅವನ ಹೆಸರುಂಟು. ಆ ಮೊಳೆಗೆ ಮನೆ ಉಂಟು. ನಿನ್ನದಕ್ಕೆ ಅಂಗಡಿ ಮಾತ್ರ!"

ಫಲ ಏನು? ಮುಂದಿನ ಭಾನುವಾರದಿಂದ ಮಕ್ಕಳ ಧರ್ಮಪಾಠದ ಕ್ಲಾಸು ಅವರ ಕೈತಪ್ಪಿತು. ನಂಬಿಕೆ ಇಲ್ಲದವರು ಕಲಿಸುವುದು ಬೇಡವೆಂದು ಕಮಿಟಿ ತೀರ್ಮಾನಿಸಿತಂತೆ. ಥೂ! ಗಿರಾಕಿ ಹಿಡಿಯಲು ಮೊಳೆ ಕೊಟ್ಟವನು ಭಕ್ತ, ಸತ್ಯ ಕೇಳಿದವಳು ನಾಸ್ತಿಕಳು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ದಾದರ್ ಸ್ಟೇಶನ್ನಿನ ಸೇತುವೆಯ ಮೇಲೆ. ಸೊರಗಿದ್ದರು. ಚಾಪೆಲು ಬದಲಿಸಬಾರದೇ ಎಂದೆ. "ಯಾಕೆ? ದೇವರು ನನ್ನವರೇ ಅಲ್ವಾ? ಮಕ್ಕಳಿಲ್ಲದೆ ಭಾನುವಾರ ಉದ್ದ ಆಗ್ತದೆ, ಅಷ್ಟೇ," ಎಂದು ಲೋಕಲಿಗೆ ಹೊರಟರು.

ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ಮುಟ್ಟಿತು. ಅವರ ಹೆಸರಿನ ತಿಂಗಳ ಪೂಜೆಗೆ ಚಾಪೆಲಿಗೆ ಹೋದೆ. ಗಾಜಿನ ಪೆಟ್ಟಿಗೆಯ ಕೆಳಗೆ ಹೊಸ ಹಿತ್ತಾಳೆ ಫಲಕ: ‘ದಿವಂಗತ ಸೆವ್ರಿನ್ ಟೀಚರ್ ಪವಿತ್ರ ನಾಡಿನಿಂದ ತಂದದ್ದು.’

ನನ್ನ ಮೈ ಉರಿದುಹೋಯಿತು. ಫೆಲಿಕ್ಸನನ್ನು ಅಂಗಳದಲ್ಲಿ ನಿಲ್ಲಿಸಿ ಕೇಳಿದೆ.

"ಅರೇ, ಕೋಪ ಎಂತಕ್ಕೆ? ಅವರೂ ಅಲ್ಲಿಗೆ ಹೋಗಿದ್ರಲ್ವಾ? ಟೀಚರಿಗೆ ಮರ್ಯಾದೆ ಕೊಟ್ಟದ್ದಲ್ವಾ ನಾವು?"

ಫಲಕ ಕಿತ್ತೇ ಬಿಡುತ್ತೇನೆಂದು ಒಳಗೆ ನುಗ್ಗಿದೆ. ಪೆಟ್ಟಿಗೆಯ ಮುಂದೆ ಮುದುಕಿಯೊಬ್ಬರು ಗಾಜು ಮುಟ್ಟಿದ ಬೆರಳನ್ನು ತುಟಿಗೆ ಒತ್ತಿಕೊಂಡು ನಿಂತಿದ್ದರು. ನನ್ನನ್ನು ಕಂಡು ಜಾಗ ಬಿಟ್ಟರು.

"ಈ ಕಾಲೋನಿಗೆ ಹೊಸದಾಗಿ ಬಂದಾಗ ನಂಗೂ ಇದರ ಮೇಲೆ ಅನುಮಾನ ಇತ್ತು ಮಗಾ," ಎಂದರು. "ಟೀಚರ್ ತಂದದ್ದು ಅಂತ ಈಗ ಗೊತ್ತಾಯ್ತು. ಅವರು ಸುಳ್ಳು ಹೇಳುವವರಲ್ಲ."