ಕೋದಂಡರಾಮಪ್ಪನವರು ಬೆಣೆ ಹಾಕಿದ ಜೀಪು

ಶ್ರೀನಿವಾಸಪುರದ ಕಡೆ ಜೀಪು ಇಟ್ಟುಕೊಂಡವರು ಕೋದಂಡರಾಮಪ್ಪನವರ ಶೆಡ್ಡು ಗೊತ್ತಿಲ್ಲ ಎಂದರೆ, ಒಂದೋ ಅವರ ಜೀಪು ಹೊಸದು, ಇಲ್ಲ ಅವರು ಸುಳ್ಳು ಹೇಳುತ್ತಿದ್ದಾರೆ. ಅರವತ್ತೆರಡರ ಈ ಮೇಸ್ತ್ರಿಯ ಹತ್ತಿರ ಕಂಪ್ಯೂಟರ್ ಇಲ್ಲ. ಮುಂದಿನ ಚಕ್ರಗಳ ಅಲೈನ್‌ಮೆಂಟ್ ನೋಡಲು ಒಂದು ದಾರ, ಒಂದು ಟೇಪು, ಒಂದು ತೂಕದ ಗುಂಡು, ಅಷ್ಟೇ. ಕೆಲಸ ಮುಗಿದ ಮೇಲೆ ಖಾಲಿ ಗಾಡಿಯಲ್ಲಿ ಪಕ್ಕ ಕೂತು, ಕೆರೆ ಏರಿಯ ಮೇಲೆ ಓಡಿಸುವವರಿಂದ ಸ್ಟೇರಿಂಗ್ ಬಿಡಿಸುತ್ತಾರೆ. ಎಡಕ್ಕೆ ಎಳೆದರೆ ನೀರು, ಬಲಕ್ಕೆ ಎಳೆದರೆ ಗದ್ದೆ. ನೆಟ್ಟಗೆ ಹೋದರೆ ಮಾತ್ರ ಗಾಡಿ ಒಪ್ಪಿಸುತ್ತಾರೆ.

ರಾಯಲ್ಪಾಡಿನ ಶೋಭಾರಾಣಿ ಈ ಸಲ ಮಾವಿನ ಸುಗ್ಗಿಗೆ ಮುಂಚೆ ಅವರ ಹತ್ತಿರವೇ ಜೀಪು ಎತ್ತರ ಮಾಡಿಸಿದಳು. ಗುಡ್ಡದ ತೋಟದ ದಾರಿಯಲ್ಲಿ ಬಂಡೆಗಳು ಗಾಡಿಯ ಹೊಟ್ಟೆಗೆ ಬಡಿಯುತ್ತಿದ್ದವು. ಗಂಡ ವೆಂಕಟ್ ಮರ ಹತ್ತುವುದರಲ್ಲಿ ಹುಲಿ, ಸ್ಟೇರಿಂಗ್ ಕಂಡರೆ ಇಲಿ. ಹಾಗಾಗಿ ಆರು ವರ್ಷದಿಂದ ಮಾವಿನ ಮಂಡಿಗೆ ಕಾಯಿ ಸಾಗಿಸುವವಳು ಅವಳೇ.

ಜೀಪು ಸಿದ್ಧವಾದ ಬೆಳಿಗ್ಗೆ ಅವಳು ಪಕ್ಕದವರ ಟೆಂಪೋದಲ್ಲಿ ಮಾವಿನ ಕ್ರೇಟುಗಳನ್ನು ತಂದು, ಶೆಡ್ಡಿನ ಮುಂದೆಯೇ ಜೀಪಿಗೆ ಏರಿಸಿಬಿಟ್ಟಳು.

"ಮಂಡಿಗೆ ಹೊತ್ತಾಯ್ತು ಮೇಸ್ತ್ರಿ, ಇಂಗೇ ನೋಡ್ಬಿಡಿ," ಎಂದಳು.

ಸುಗ್ಗಿಯ ಅವಸರ ಯಾರಿಗೆ ಗೊತ್ತಿಲ್ಲ? ಕೋದಂಡರಾಮಪ್ಪನವರು ಲೋಡ್ ಗಾಡಿಯಲ್ಲೇ ಏರಿಯ ಮೇಲೆ ಹೋಗಿಬಂದರು. ಅವಳು ಕೈ ಬಿಟ್ಟರೂ ಜೀಪು ಗೆರೆ ಎಳೆದಂತೆ ಹೋಯಿತು.

ಅದೇ ಮಧ್ಯಾಹ್ನ ಖಾಲಿ ಗಾಡಿಯಲ್ಲಿ ಊರಿಗೆ ತಿರುಗುವಾಗ ಮುಂದಿನ ಚಕ್ರಗಳು ಗಡಗಡ ನಡುಗಿದವು. ಸ್ಟೇರಿಂಗ್ ಅವಳ ಕೈ ಮೀರಿತು, ಜೀಪು ರಸ್ತೆ ಬಿಟ್ಟು ಗುಂಡಿಗೆ ಇಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ, ದೇವರು ದೊಡ್ಡವನು. ಆದರೆ ಮಾವ ಶ್ರೀನಿವಾಸಪ್ಪ ಕೀ ಕಿತ್ತುಕೊಂಡು ಗೋಡೆಯ ಮೊಳೆಗೆ ನೇತುಹಾಕಿದರು.

"ಎತ್ತರದ ಗಾಡಿ ಹೆಂಗಸಿನ ಕೈಗೆ ಬಗ್ಗಲ್ಲ. ಮಾರ್ಬಿಡ್ತೀನಿ. ಬರೋ ಭಾನುವಾರ ಗಾಡಿ ಬ್ರೋಕರ್ ಉಮಾಶಂಕರ್ ಬಂದು ತಗೊಂಡೋಗ್ತಾನೆ," ಎಂದರು.

ಶೋಭಾರಾಣಿಗೂ ಹೌದೇನೋ ಅನ್ನಿಸಿತು. ಮೇಸ್ತ್ರಿ ಪರೀಕ್ಷೆ ಮಾಡಿ ಕೊಟ್ಟ ಗಾಡಿ. ತಪ್ಪು ತನ್ನದಲ್ಲದೆ ಇನ್ನಾರದು? ಆ ವಾರವೆಲ್ಲ ಅವಳು ತನ್ನ ಕೈಗಳನ್ನೇ ಬೈದುಕೊಂಡಳು. ಆದರೂ ಮಾರುವ ಮುನ್ನ ಒಮ್ಮೆ ಮೇಸ್ತ್ರಿಗೆ ತೋರಿಸಿಬಿಡೋಣವೆಂದು ಭಾನುವಾರ ಬೆಳಗಾಗುತ್ತಲೇ ಮೊಳೆಯ ಮೇಲಿನ ಕೀ ತೆಗೆದು, ಆಮೆಯ ಹಾಗೆ ಜೀಪು ಓಡಿಸಿಕೊಂಡು ಶೆಡ್ಡಿಗೆ ಬಂದಳು.

ಕೋದಂಡರಾಮಪ್ಪನವರು ದಾರ ಹಿಡಿದರು, ಅಳೆದರು. ಎಲ್ಲಾ ಸರಿಯಿತ್ತು. ತಲೆ ಕೆರೆದುಕೊಂಡು ಕೇಳಿದರು: "ಕಾಯಿ ತುಂಬಿದ್ದಾಗ ನಡುಗ್ತಾ ಅಮ್ಮಣ್ಣಿ?"

"ಇಲ್ಲ. ಆವಾಗ ನೆಟ್ಟಗಿತ್ತು. ನೀವೂ ಇದ್ರಲ್ಲ?"

ಮುದುಕರ ಮುಖ ಸಪ್ಪಗಾಯಿತು. ಗಾಡಿ ಎತ್ತರಿಸಲು ಅವರು ಸ್ಪ್ರಿಂಗ್ ಪ್ಲೇಟಿನ ಮುಂದಿನ ಕೊಂಡಿಗಳನ್ನು ಉದ್ದ ಮಾಡಿದ್ದರು. ಅದರಿಂದ ಆಕ್ಸಲ್ಲು ಮುಂದಕ್ಕೆ ವಾಲಿತ್ತು; ದಾರದ ಅಳತೆಗೆ ಅದು ಸಿಗುವಂಥದ್ದಲ್ಲ. ಸೈಕಲ್ಲಿನ ಫೋರ್ಕು ಹಿಂದಕ್ಕೆ ವಾಲಿದ್ದರೇ ಸೈಕಲ್ಲು ನೆಟ್ಟಗೆ ಹೋಗುವುದು; ಜೀಪಿಗೂ ಅದೇ ನ್ಯಾಯ. ಆವತ್ತು ಹಿಂದೆ ಕೂತ ಮಾವಿನ ಭಾರಕ್ಕೆ ಗಾಡಿ ಮೂತಿ ಎತ್ತಿತ್ತು, ವಾಲು ಮುಚ್ಚಿಹೋಗಿತ್ತು. ಖಾಲಿಯಾದ ಕೂಡಲೇ ಅದು ತನ್ನ ಬುದ್ಧಿ ತೋರಿಸಿತ್ತು.

ಅವರು ಗಾಡಿಯಡಿ ನುಸುಳಿ, ಆಕ್ಸಲ್ಲು ಹಿಂದಕ್ಕೆ ವಾಲುವಂತೆ ಪ್ಲೇಟಿಗೂ ಅದಕ್ಕೂ ನಡುವೆ ಎರಡು ಕಬ್ಬಿಣದ ಬೆಣೆ ಕೂರಿಸಿ ಬಿಗಿದರು. ದಾರ ಹಿಡಿದು ಇನ್ನೊಮ್ಮೆ ಅಳೆದರು. ಖಾಲಿ ಜೀಪು ಈಗ ಸಾಧುವಾಗಿ ಓಡಿತು. ಕೆಲಸ ಅಲ್ಲಿಗೆ ಮುಗಿಯಬೇಕಿತ್ತು.

"ನಡಿ, ನಾನೂ ನಿಮ್ಮೂರಿಗೆ ಬರ್ತೀನಿ," ಎಂದು ಅವರು ಪಕ್ಕದ ಸೀಟು ಹತ್ತಿದರು.

ಜಗಲಿಯ ಮೇಲೆ ಶ್ರೀನಿವಾಸಪ್ಪನವರ ಜೊತೆ ಉಮಾಶಂಕರ್ ಆಗಲೇ ಕಾಫಿ ಕುಡಿಯುತ್ತಿದ್ದ. ಅಕ್ಕಪಕ್ಕದ ನಾಲ್ಕು ಜನವೂ ಇದ್ದರು. ಕೋದಂಡರಾಮಪ್ಪನವರು ಚಪ್ಪಲಿ ಬಿಟ್ಟು, ಅಂಗಳದಲ್ಲೇ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು.

"ಶ್ರೀನಿವಾಸಪ್ಪನೋರೆ, ಗಾಡಿ ಗುಂಡಿಗಿಳಿದಿದ್ದು ನನ್ನಿಂದ. ಖಾಲಿ ಗಾಡಿ ನೋಡದೆ ಕೊಟ್ಬಿಟ್ಟೆ. ಈಗ ಸರಿಮಾಡಿದೀನಿ."

ಶ್ರೀನಿವಾಸಪ್ಪನವರಿಗೆ ಸೊಸೆಗಿಂತ ಮೊದಲು ಮೇಸ್ತ್ರಿಯ ಹೆಸರಿನ ಚಿಂತೆ ಹತ್ತಿತು. ದನಿ ತಗ್ಗಿಸಿ, "ನಲವತ್ತು ವರ್ಷದ ಹೆಸರಯ್ಯಾ ನಿಂದು. ರಿಪೇರಿ ಮಾಡಿ ಸುಮ್ನಿದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು?" ಎಂದರು.

"ನಿಮಗ್ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಈಯಮ್ಮ ಮಾತ್ರ ಬದುಕಿರೋವರ್ಗೂ ತನ್ನ ಕೈಯೇ ಸರಿಯಿಲ್ಲ ಅಂದ್ಕೊಂಡಿರ್ತಿದ್ಲು."

ಶೋಭಾರಾಣಿಗೆ ತಡೆಯಲಾಗಲಿಲ್ಲ. ಗುಂಡಿಗೆ ಬಿದ್ದ ದಿನವೂ ಅಳದಿದ್ದವಳು ಜೀಪಿನ ಬಾನೆಟ್ಟಿಗೆ ಒರಗಿ ಎಲ್ಲರೆದುರೇ ಅತ್ತುಬಿಟ್ಟಳು. ಶ್ರೀನಿವಾಸಪ್ಪ ಸೊಸೆಯನ್ನು ಒಂದು ಗಳಿಗೆ ನೋಡಿ, ಉಮಾಶಂಕರನ ಕಡೆ ತಿರುಗಿದರು.

"ಗಾಡಿ ಕೊಡಲ್ಲಪ್ಪ. ನಮ್ಮ ಸೊಸೆ ಓಡಿಸ್ತಾಳೆ."