ಹೊಗೆಯಿಲ್ಲದ ಭಟ್ಟಿಯ ರಹಮತ್‌ಬೀ

ಹೊನ್ನಾಳಿಯ ಓಣಿಗೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ಮಂಡಕ್ಕಿ ಭಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತ ರಹಮತ್‌ಬೀ ಕರಿ ಓಢಣಿಯನ್ನು ಬಿಗಿದುಕೊಂಡು, ಒಲೆಯ ಬಾಯಿಗೆ ಅಡ್ಡವಿಟ್ಟ ತಗಡನ್ನು ಒಂದು ಬೆರಳಷ್ಟು ಸರಿಸುತ್ತಾರೆ. ಒಳಗೆ ಭತ್ತದ ಹೊಟ್ಟು ಉರಿಯುತ್ತಿದೆ, ಮೇಲೆ ಬಾಣಲೆಯಲ್ಲಿ ಮರಳು ಕಾಯುತ್ತಿದೆ. ಪಕ್ಕದ ತಾರಸಿಯಲ್ಲಿ ನಿರ್ಮಲಮ್ಮ ಬಿಳಿ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದಾರೆ. ಇವತ್ತು ಆ ಪಂಚೆಯೇ ಪರೀಕ್ಷೆ. ಅದರ ಮೇಲೆ ಮಸಿ ಬಿದ್ದರೆ ಭಟ್ಟಿ ಮುಚ್ಚಬೇಕು. ಓಣಿಯವರ ಈ ಮಾತಿಗೆ ಮಾಲೀಕ ಬುಡನ್‌ಸಾಬ್ ಒಪ್ಪಿಯಾಗಿದೆ.

ಇಪ್ಪತ್ತು ವರ್ಷಗಳಿಂದ ಈ ಬೆಂಕಿ ಕಾಯುವವರು ರಹಮತ್‌ಬೀ. ಕಲಿಸಿದ್ದು ಅತ್ತೆ. ದಿನಕ್ಕೆ ಎರಡು ಕ್ವಿಂಟಾಲ್ ಅಕ್ಕಿ ಅರಳಬೇಕು. ಭಟ್ಟಿ ನಿಂತರೆ ಇಲ್ಲಿನ ಆರು ಹೆಂಗಸರ ದುಡಿಮೆಯೂ ನಿಲ್ಲುತ್ತದೆ.

ಒಲೆಯ ಬಾಯಿ ತುಂಬ ಹೊಟ್ಟು ತುರುಕುವುದು ಅತ್ತೆಯ ಕಾಲದ ಪದ್ಧತಿ. ಗಾಳಿ ಸಾಲದೆ ಅದು ಅರೆಬರೆ ಸುಟ್ಟು ಕರಿಹೊಗೆಯಾಗುತ್ತಿತ್ತು. ಓಣಿಯವರು ಜಗಳಕ್ಕೆ ನಿಂತಾಗ ರಹಮತ್‌ಬೀ ತಗಡನ್ನೇ ಕಿತ್ತೆಸೆದರು. ಹೊಗೆ ಹೋಯಿತು, ಆದರೆ ಅಕ್ಕಿ ಅರಳಲಿಲ್ಲ. ಉರಿಗೆ ಬೇಡದ ಗಾಳಿಯೆಲ್ಲ ಒಳನುಗ್ಗಿ, ಶಾಖವನ್ನು ಹೊತ್ತು ಚಿಮಣಿಯಿಂದ ಹೊರಟುಹೋಗುತ್ತಿತ್ತು.

"ಆಕಾಶ ಬಿಸಿ ಮಾಡಾಕೆ ಹೊಂಟಿದ್ಲು ನಮ್ಮ ರಹಮತ್," ಬುಡನ್‌ಸಾಬ್ ಕಾಲೆಳೆಯುತ್ತಾರೆ.

"ಸುಮ್ನಿರ್ರಿ ಭಾಯಿ. ಇನ್ನೂ ಗಾಳಿ ಬೇಕು, ಫ್ಯಾನ್ ತರ್ತೀನಿ ಅಂದೋರು ಯಾರು?"

ಮತ್ತೆ ರಹಮತ್‌ಬೀ, ಭಟ್ಟಿ ನೋಡಲೆಂದು ಬಂದು ಪಕ್ಕದಲ್ಲಿ ಕೂತ ನನ್ನತ್ತ ತಿರುಗುತ್ತಾರೆ. "ಉಣ್ಣಾಕೆ ಹತ್ತು ಮಂದಿ ಬರ್ತಾರೆ ಅಂದ್ರೆ ಹನ್ನೆರಡು ಮಂದಿಗೆ ಅನ್ನ ಮಾಡ್ಬೇಕು ಅಕ್ಕಾ. ಹತ್ತಕ್ಕೇ ಮಾಡಿದ್ರೆ ಯಾರೋ ಒಬ್ರು ಹಸ್ಕೊಂಡು ಹೋಗ್ತಾರೆ. ಐವತ್ತಕ್ಕೆ ಮಾಡಿದ್ರೆ ಮನೆ ಹಾಳು. ಬೆಂಕಿಗೆ ಗಾಳಿನೂ ಹಂಗೇ."

ಆ ಹೆಚ್ಚಿನ ಎರಡು ಮಂದಿಯಷ್ಟು ಗಾಳಿಯ ಅಳತೆ ಸಿಗಲು ವಾರಗಳೇ ಹಿಡಿದವು. ಈಗ ಹೊಟ್ಟು ಬೊಗಸೆ ಬೊಗಸೆಯಾಗಿ ಬೀಳುತ್ತದೆ. ಜ್ವಾಲೆಯ ತುದಿ ಕಪ್ಪಾದರೆ ತಗಡು ಸರಿಯುತ್ತದೆ, ಉರಿ ಭೋರೆಂದು ಮರಳು ತಣಿದರೆ ಮರಳಿ ಮುಚ್ಚುತ್ತದೆ.

ಬಿಸಿಲೇರುತ್ತದೆ. ಉಪ್ಪುನೀರು ಕುಡಿದ ಅಕ್ಕಿ ಮರಳಿಗೆ ಬಿದ್ದು ಚಟಪಟನೆ ಬೆಳ್ಳಗೆ ಅರಳುತ್ತದೆ. ಯಾರೂ ಅತ್ತ ನೋಡುವುದಿಲ್ಲ. ತಾರಸಿಯಲ್ಲಿ ನಿರ್ಮಲಮ್ಮ ಬಗ್ಗಿ, ಒದ್ದೆ ಬೆರಳಿಂದ ಪಂಚೆಯನ್ನು ಒರೆಸುತ್ತಾರೆ. ಇನ್ನೊಂದು ಮೂಲೆಯನ್ನೂ ಒರೆಸುತ್ತಾರೆ. ಆಮೇಲೆ ಬೆರಳೆತ್ತಿ ಕೂಗುತ್ತಾರೆ:

"ಬೆಳ್ಳಗೈತೆ ನೋಡ್ರೇ! ಬಿಸಿ ಮಂಡಕ್ಕಿ ಒಂದು ಸೇರು ಕಳಿಸ್ರಿ!"

ಭಟ್ಟಿ ತುಂಬ ಚಪ್ಪಾಳೆ, ಕೇಕೆ. ರಹಮತ್‌ಬೀ ಮಾತ್ರ ತಗಡಿನ ಮೇಲಿಟ್ಟ ಕೈ ತೆಗೆಯುವುದಿಲ್ಲ.

"ಮಸಿ ಕಾಣಬಾರ್ದು ಅಂತ ಇಷ್ಟು ವರ್ಷ ಕರಿ ಓಢಣಿನೇ ಹೊದ್ದೆ," ಎನ್ನುತ್ತಾರೆ. "ಈ ಹಬ್ಬಕ್ಕೆ ಬಿಳೇದು ತಗೊಂತೀನಿ. ಹೊದ್ಕೊಂಡು ಇಲ್ಲಿಗೇ ಬರ್ತೀನಿ, ಕೆಲಸಕ್ಕೆ."