ಸೇತುವೆಯ ಆಚೆ ತುದಿಯವರೆಗೆ

ಮಗಳು ಹುಟ್ಟುವ ಮುಂಚೆ ನಾನು ದಿನಾ ಬೆಳಿಗ್ಗೆ ಓಡುತ್ತಿದ್ದೆ. ಪದಕ ಗೆಲ್ಲುವ ಓಟವೇನಲ್ಲ. ನ್ಯಾಮತಿ ಹತ್ತಿರದ ಹೈಸ್ಕೂಲೊಂದರಲ್ಲಿ ನಾನು ಗಣಿತದ ಮೇಷ್ಟ್ರು, ಬಾಡಿಗೆ ಮನೆ ಹೊನ್ನಾಳಿಯಲ್ಲಿ. ನಮ್ಮಪ್ಪ ನಲವತ್ತೆಂಟನೇ ವಯಸ್ಸಿಗೆ ಎದೆನೋವು ಅಂತ ಕೂತವರು ಮತ್ತೆ ಏಳಲಿಲ್ಲ. ಮೂವತ್ತೆರಡಕ್ಕೇ ನನಗೆ ಬಿ.ಪಿ. ಕಾಣಿಸಿಕೊಂಡಾಗ ನರ್ಸ್ ಆಗಿದ್ದ ಹೆಂಡತಿ ಹೆದರಿ, ತಾನೇ ದಾವಣಗೆರೆಗೆ ಕರೆದುಕೊಂಡು ಹೋಗಿ ಶೂ ಕೊಡಿಸಿದಳು. ಮನೆಯಿಂದ ಹೊರಟು, ತುಂಗಭದ್ರೆಯ ಸೇತುವೆಯ ಆಚೆ ತುದಿ ಮುಟ್ಟಿ ಬರಲು ನಲವತ್ತು ನಿಮಿಷ ಹಿಡಿಯುತ್ತಿತ್ತು. ಬಂದು ಮೆಟ್ಟಿಲ ಮೇಲೆ ಕೂತು ಬೆವರು ಒರೆಸಿಕೊಳ್ಳುವಾಗ, ಇವತ್ತಿನ ಮಟ್ಟಿಗೆ ಅಪ್ಪನ ದಾರಿ ಹಿಡಿಯಲಿಲ್ಲ ಅಂತ ಸಮಾಧಾನವಾಗುತ್ತಿತ್ತು.

ಮಗಳು ಹುಟ್ಟಿದ ಮೇಲೆ ಓಟ ವಾರಕ್ಕೆ ಮೂರು ದಿನಕ್ಕೆ ಇಳಿಯಿತು. ಮೂರು ವರ್ಷಕ್ಕೆ ಮಗ ಹುಟ್ಟಿದ. ಅವನಿಗೆ ವರ್ಷ ತುಂಬುವಷ್ಟರಲ್ಲಿ ಹೆಂಡತಿಗೆ ಜಗಳೂರಿಗೆ ವರ್ಗವಾಯಿತು. ದಾವಣಗೆರೆಗೊಂದು ಬಸ್ಸು, ಅಲ್ಲಿಂದ ಇನ್ನೊಂದು; ದಿನಾ ಓಡಾಡುವ ದೂರವಲ್ಲ. ಅವಳು ಅಲ್ಲೊಂದು ರೂಮು ಹಿಡಿದಳು. ರಾತ್ರಿ ಪಾಳಿ ಇರುವವಳು ಮಕ್ಕಳನ್ನು ಯಾರ ಬಳಿ ಬಿಟ್ಟಾಳು? ಮಕ್ಕಳು ನನ್ನ ಹತ್ತಿರ ಉಳಿದರು. ಚನ್ನಗಿರಿಯಿಂದ ಅತ್ತೆ ಬಂದು ಎಂಟು ತಿಂಗಳು ಇದ್ದರು. ಆಮೇಲೆ ಅವರ ಸೊಸೆಗೆ ಹೆರಿಗೆ ಹತ್ತಿರ ಬಂತು, ಹೊರಟುಹೋದರು. ನಾನು ಶಾಲೆಗೆ ಹೋದಾಗ ಮಕ್ಕಳನ್ನು ಪಕ್ಕದ ಮನೆಯಾಕೆ ನೋಡಿಕೊಳ್ಳುತ್ತಿದ್ದರು. ಅರವತ್ತು ದಾಟಿದ ಹೆಂಗಸು, ಮಕ್ಕಳು ಅಜ್ಜಿ ಅನ್ನುತ್ತಿದ್ದರು.

ಅಲ್ಲಿಗೆ ಓಟ ನಿಂತಿತು. ಒಮ್ಮೆ ಸಂಜೆ ಇಬ್ಬರನ್ನೂ ಮೈದಾನಕ್ಕೆ ಕರೆದುಕೊಂಡು ಹೋದೆ. ಅರ್ಧ ಸುತ್ತು ಹಾಕುವಷ್ಟರಲ್ಲಿ ಮಗ ಬಾಯಿ ತುಂಬ ಮಣ್ಣು ತುಂಬಿಕೊಂಡಿದ್ದ, ಮಗಳು "ಅಪ್ಪಾ, ಬಿಟ್ಟು ಹೋಗಬ್ಯಾಡ" ಅಂತ ಅಳುತ್ತಾ ನನ್ನ ಹಿಂದೆಯೇ ಓಡಿ ಬರುತ್ತಿದ್ದಳು. ಮನೆಯೊಳಗೇ ನಿಂತಲ್ಲಿ ಓಡಿ ನೋಡಿದೆ, ಕಾಲಿಗೊಬ್ಬರಂತೆ ಜೋತುಬಿದ್ದರು. ತೂಕ ಏರಿತು. ಮೆಟ್ಟಿಲು ಹತ್ತಿದರೆ ಏದುಸಿರು. ತರಗತಿಯಲ್ಲಿ ಸಣ್ಣ ತಪ್ಪಿಗೂ ರೇಗುತ್ತಿದ್ದೆ, ಮನೆಯಲ್ಲಿ ಅದಕ್ಕಿಂತ ಜಾಸ್ತಿ. ಒಂದು ದಿನ ಹಾಲು ಚೆಲ್ಲಿದಳೆಂದು ಮಗಳ ಬೆನ್ನಿಗೆ ಹೊಡೆದೆ. ಅವಳು ಅಳದೆ ನನ್ನನ್ನೇ ನೋಡಿದಳು.

ಅದಾದ ಮರುದಿನ ಬೆಳಿಗ್ಗೆ ಐದಕ್ಕೆ ಎಚ್ಚರವಾಯಿತು. ಇಬ್ಬರೂ ಗಾಢ ನಿದ್ದೆಯಲ್ಲಿದ್ದರು. ಶೂ ಕೈಯಲ್ಲಿ ಹಿಡಿದು ಹೊರಬಂದು, ಸದ್ದಾಗದಂತೆ ಬಾಗಿಲಿಗೆ ಬೀಗ ಹಾಕಿದೆ. ರಸ್ತೆಯ ತಿರುವಿನವರೆಗೆ ಓಡಿ ಬಂದು ನೋಡಿದರೆ ಮಕ್ಕಳು ಮಗ್ಗುಲನ್ನೂ ಬದಲಿಸಿರಲಿಲ್ಲ. ಮರುದಿನ ಇನ್ನಷ್ಟು ದೂರ. ವಾರದಲ್ಲಿ ಸೇತುವೆಯ ಈಚೆ ತುದಿ ಮುಟ್ಟಿದೆ. ಮಾಡುತ್ತಿರುವುದು ತಪ್ಪೆಂದು ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಹೆಂಡತಿಗೆ ಹೇಳಲಿಲ್ಲ. ಮಕ್ಕಳ ಮೇಲೆ ರೇಗುವುದು ಕಡಿಮೆಯಾಗಿದೆಯಲ್ಲ ಅಂತ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ.

ಹೀಗೆ ಒಂದು ತಿಂಗಳು ನಡೆಯಿತು. ಆ ದಿನ ಕಾಲುಗಳು ಹಗುರವಾಗಿದ್ದವು. ಹೊಳೆಯ ಕಡೆಯಿಂದ ತಣ್ಣಗೆ ಗಾಳಿ ಬರುತ್ತಿತ್ತು. ಇವತ್ತು ಆಚೆ ತುದಿಯವರೆಗೆ ಹೋಗಿಯೇ ಬಿಡೋಣ ಅಂದುಕೊಂಡು ಹೋದೆ. ಅಲ್ಲಿ ಎರಡು ನಿಮಿಷ ನಿಂತು ನೀರನ್ನೂ ನೋಡಿದೆ.

ಮನೆಯ ಹತ್ತಿರ ಬಂದಾಗ ಬಾಗಿಲ ಮುಂದೆ ಐದಾರು ಜನ ಸೇರಿದ್ದರು. ಪಕ್ಕದ ಮನೆಯಾಕೆ ಕಿಟಕಿಯ ಸರಳು ಹಿಡಿದು ಒಳಗೆ ಕೂಗುತ್ತಿದ್ದರು: "ನೀರು ಹಾಕವ್ವಾ, ಇನ್ನೂ ಹಾಕು, ಬಕೀಟಿಂದ ತಂದು ತಮ್ಮನ ಕಾಲಿನ ಮ್ಯಾಲೆ ಸುರಿ." ಒಳಗಿಂದ ಮಗನ ಕಿರುಚಾಟ. ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಅವಸರದಲ್ಲಿ ತಿರುವುಮುರುವಾಗಿ ತೂರಿಸಲು ಹೋದೆ. ಯಾರೋ ಕಿತ್ತುಕೊಂಡು ತೆಗೆದರು.

ಕರೆಂಟು ಹೋಗಿ ಫ್ಯಾನು ನಿಂತು ಮಗ ಎದ್ದಿದ್ದ. ಅಪ್ಪ ಎಲ್ಲೂ ಕಾಣಲಿಲ್ಲ. ತಮ್ಮನ ಅಳು ನಿಲ್ಲಿಸಲು ಪುಡಿಹಾಲು ಕಲಸಿಕೊಡೋಣವೆಂದು ಮಗಳು ಸ್ಟೂಲು ಹತ್ತಿ, ನಾನು ಬಿಸಿನೀರು ತುಂಬಿಟ್ಟಿದ್ದ ಫ್ಲಾಸ್ಕ್ ಇಳಿಸಿದ್ದಳು. ಅದು ಜಾರಿ ಮಗನ ಎಡಗಾಲಿನ ಮೇಲೆ, ಮೊಣಕಾಲಿನಿಂದ ಪಾದದವರೆಗೆ ಚೆಲ್ಲಿತ್ತು. ಮಗಳಿಗೆ ಆಗ ಐದು ವರ್ಷ. ಬಕೆಟ್ಟಿನ ಪಕ್ಕ ಚೊಂಬು ಹಿಡಿದು ನಿಂತವಳು, "ನಾನು ಬೇಕಂತ ಚೆಲ್ಲಿಲ್ಲಪ್ಪಾ, ಹೊಡೀಬ್ಯಾಡ" ಅಂದಳು.

"ಎಲ್ಲಿಗೆ ಹೋಗಿದ್ರಿ ಮೇಷ್ಟ್ರೆ?" ಅಂತ ಪಕ್ಕದ ಮನೆಯಾಕೆ ಕೇಳಿದರು.

"ಹಾಲು ತರಾಕೆ," ಅಂದೆ.

ಕೈಯಲ್ಲಿ ಹಾಲಿರಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ. ನನ್ನ ಮೈಯ ಬೆವರನ್ನು ಅವರು ಗಾಬರಿಯ ಬೆವರು ಅಂದುಕೊಂಡರು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗಲೂ ಅದೇ ಹೇಳಿದೆ. ಗಾಯ ಆಳವಿಲ್ಲ, ವಾಸಿಯಾಗುತ್ತದೆ, ಕಲೆ ಉಳಿಯಬಹುದು ಅಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ನಮ್ಮ ಬೀದಿಯ ಒಬ್ಬರು ನನ್ನ ಭುಜ ತಟ್ಟಿ, "ನೀವೇನ್ ಮಾಡಾಕೆ ಆಗತೈತೆ ಮೇಷ್ಟ್ರೆ? ಹೆತ್ತಾಕೆ ಜಗಳೂರಾಗೆ ಕುಂತ್ರೆ ಮನಿ ಹಿಂಗೇ ಆಗೋದು" ಅಂದರು. ಪಕ್ಕದ ಮನೆಯಾಕೆಯೂ ತಲೆಯಾಡಿಸಿದರು. ಬಾಯಿ ತೆರೆಯಲು ಅದೇ ಸಮಯವಾಗಿತ್ತು. ನಾನು ನೆಲ ನೋಡುತ್ತಾ ಕೂತೆ. ಅವಮಾನದ ಜೊತೆಗೆ, ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ, ಒಂದಿಷ್ಟು ನೆಮ್ಮದಿಯೂ ಆಯಿತು.

ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದೆವು. ಮಧ್ಯಾಹ್ನದ ಹೊತ್ತಿಗೆ ಹೆಂಡತಿ ಬಂದಳು. ಎರಡು ಬಸ್ಸು ಬದಲಿಸಿ, ಡ್ಯೂಟಿಯ ಬಟ್ಟೆಯಲ್ಲೇ. ಮಗನನ್ನು ಎತ್ತಿಕೊಂಡು ಗೋಡೆಗೆ ಒರಗಿ ಕೂತಳು. ಪಕ್ಕದ ಮನೆಯಾಕೆ ಅವಳ ಎದುರೇ, "ನೌಕ್ರಿ ಇವತ್ತು ಐತೆ ನಾಳೆ ಹೋಗತೈತೆ, ಮಕ್ಕಳಿಗೆ ಏನಾರ ಆದ್ರೆ ಹೆಂಗವ್ವಾ?" ಅಂದರು. ಅವಳು ನನ್ನ ಮುಖ ನೋಡಿದಳು. ನಾನು ನೀರು ತರುವ ನೆಪದಲ್ಲಿ ಒಳಗೆ ಹೋದೆ.

ಎಲ್ಲರೂ ಹೋದ ಮೇಲೆ ಮಗನಿಗೆ ಹಾಲು ಕಾಸಲು ಫ್ರಿಡ್ಜ್ ತೆಗೆದಳು. ಹಿಂದಿನ ಸಂಜೆ ನಾನು ತಂದಿಟ್ಟಿದ್ದ ಎರಡು ಪ್ಯಾಕೆಟ್ಟು ಹಾಗೇ ಇದ್ದವು. ಒಂದನ್ನು ಕೈಗೆತ್ತಿಕೊಂಡು ನನ್ನ ಕಡೆ ತಿರುಗಿದಳು.

"ಹಾಲು ತರಾಕೆ ಹೋಗಿದ್ರಾ?"

"ಹೂಂ."

ಪ್ಯಾಕೆಟ್ಟು ಕತ್ತರಿಸಿ ಹಾಲು ಪಾತ್ರೆಗೆ ಸುರಿದಳು.

ಹದಿನೈದು ದಿನ ರಜೆ ಹಾಕಿ ತಾನೇ ಗಾಯ ತೊಳೆದು ಪಟ್ಟಿ ಕಟ್ಟಿದಳು. ನಂತರ ಮಗನನ್ನು ಜಗಳೂರಿಗೆ ಕರೆದುಕೊಂಡು ಹೋದಳು; ರಾತ್ರಿ ಪಾಳಿಯ ದಿನ ಮನೆ ಮಾಲೀಕರ ಹೆಂಡತಿಯ ಬಳಿ ಮಲಗಿಸುತ್ತಾಳೆ. ಮಗಳನ್ನು ಅತ್ತೆ ಚನ್ನಗಿರಿಗೆ ಕರೆಸಿಕೊಂಡು ಅಲ್ಲಿಯ ಶಾಲೆಗೆ ಸೇರಿಸಿದರು. ಭಾನುವಾರ ನಾನು ಒಂದು ವಾರ ಜಗಳೂರಿಗೆ, ಒಂದು ವಾರ ಚನ್ನಗಿರಿಗೆ ಹೋಗುತ್ತೇನೆ. ನಾಲ್ವರೂ ಒಟ್ಟಿಗೆ ಕೂತು ಉಣ್ಣುವುದು ಹಬ್ಬಕ್ಕೆ ಮಾತ್ರ. ಮಗಳು ನನ್ನೆದುರು ತುಂಬ ಜಾಣೆಯಾಗಿ, ಸದ್ದಿಲ್ಲದೆ ಇರುತ್ತಾಳೆ. ತಟ್ಟೆ, ಲೋಟ ಮುಟ್ಟುವ ಮೊದಲು ನನ್ನನ್ನು ಕೇಳುತ್ತಾಳೆ.

ಈಗ ಬೆಳಗೆಲ್ಲ ನನ್ನದೇ. ಎಷ್ಟು ದೂರ ಬೇಕಾದರೂ ಓಡಬಹುದು. ಎರಡು ಸಲ ಹೊರಟೆ. ಎರಡು ಸಲವೂ ಮೂರನೇ ಮನೆ ದಾಟುವಷ್ಟರಲ್ಲಿ ಕಿವಿಯಲ್ಲಿ ಮಗನ ಕೂಗು ಕೇಳಿ, ಖಾಲಿ ಮನೆಗೆ ಓಡಿ ಬಂದೆ. ಈಗ ಮಾತ್ರೆ ನುಂಗುತ್ತೇನೆ.

ಆರು ತಿಂಗಳಾದ ಮೇಲೆ ಜಗಳೂರಿನ ಆ ಸಣ್ಣ ರೂಮಿನಲ್ಲಿ, ಮಗ ಮಲಗಿದ್ದಾಗ, ಹೆಂಡತಿಗೆ ನಿಜ ಹೇಳಿದೆ. ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು.

"ನಂಗೆ ಅವತ್ತೇ ಗೊತ್ತಿತ್ತು ರೀ," ಅಂದಳು. "ಓಡಿದ್ದಕ್ಕೆ ಬೇಜಾರಿಲ್ಲ. ಎಲ್ಲರೂ ನನ್ನೇ ದೂರ್ತಿದ್ರು. ಅವರ ಮುಂದೆ ಒಂದು ಮಾತು ಹೇಳ್ತೀರೇನೋ ಅಂತ ಕಾದೆ."

ಪಕ್ಕದ ಮನೆಯಾಕೆಗೆ ನಿಜ ಹೇಳುತ್ತೇನೆ ಅಂತ ಅವಳಿಗೆ ಮಾತು ಕೊಟ್ಟು, ಹೊನ್ನಾಳಿಗೆ ಬಂದವನೇ ಅಲ್ಲಿಗೆ ಹೋದೆ. ಆಕೆ ಅಂಗಳದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಹಾಲು ತರಲು ಹೋಗಿದ್ದು ಸುಳ್ಳು, ಮಕ್ಕಳನ್ನು ಕೂಡಿಹಾಕಿ ತಿಂಗಳಿಡೀ ಓಡಲು ಹೋಗುತ್ತಿದ್ದೆ ಅಂತ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿ ಅಂತಲೇ ಹೋಗಿದ್ದೆ.

ಆಕೆ ಮೊರ ಪಕ್ಕಕ್ಕಿಟ್ಟು ನನ್ನನ್ನು ಕನಿಕರದಿಂದ ನೋಡಿದರು.

"ಅಯ್ಯೋ, ಗಂಡಸ್ರಿಗೆ ಅದೆಲ್ಲ ಏನ್ ತಿಳಿತೈತೆ ಬಿಡ್ರಿ ಮೇಷ್ಟ್ರೆ. ಆಕಿ ಇದ್ದಿದ್ರೆ ನೀವು ಬೀಗ ಯಾಕೆ ಹಾಕ್ತಿದ್ರಿ?"

ಅಲ್ಲ, ತಪ್ಪು ನನ್ನದು ಅಂತ ಮತ್ತೆ ಹೇಳಿದೆ. ಆಕೆ ಒಳಗೆ ಹೋಗಿ ಚಹಾ ತಂದರು. ನಿಮ್ಮಂಥ ಒಳ್ಳೆ ಮನುಷ್ಯ ಸಿಗೋದು ಕಷ್ಟ ಅಂದರು. ಚಹಾ ಕುಡಿದು ಎದ್ದು ಬಂದೆ. ಹೆಂಡತಿ ಫೋನು ಮಾಡಿ ಏನಂದರು ಅಂತ ಕೇಳಿದಳು. "ಚಹಾ ಕೊಟ್ರು," ಅಂದೆ.